ಅಗಿದ ಗುಳಿಗೆ

ಎದೆನೋವಿನವರಿಗೆ ಏನೇನು ಮಾಡಬೇಕೆಂದು ಆಸ್ಪತ್ರೆಯ ಗೋಡೆಯ ಫಲಕದಲ್ಲಿ ಸಾಲಾಗಿ ಬರೆದಿತ್ತು. ಮೊದಲನೆಯದು ಈಸಿಜಿ, ಅದು ಮುಗಿದಿತ್ತು. ನರ್ಸ್ ರಾಜೇಶ್ವರಿ ಎರಡನೆಯ ಸಾಲು ನೋಡಿಕೊಂಡು, ಕಿಟಕಿ ಪಕ್ಕದ ಮಂಚದ ಮೇಲೆ ಒರಗಿದ್ದ ಕುರಿಗಾಹಿ ಭರಮುವಿನ ಅಂಗೈಗೆ ಆಸ್ಪಿರಿನ್ ಗುಳಿಗೆ ಹಾಕಿದಳು.

"ಕಾಕಾ, ಹಂಗ ನುಂಗಬ್ಯಾಡ್ರಿ. ಚಲೋತಂಗ ಅಗೀರಿ."

"ಅಗಿಯೂದು ನನಗ ಕಲಸ್ತೀ ಏನವಾ?" ಎಂದ ಭರಮು, ಎದೆ ಹಿಡಿದುಕೊಂಡೇ. ನಲವತ್ತು ವರ್ಷ ನಿಪ್ಪಾಣಿ ತಂಬಾಕು ಇಟ್ಟು ರೂಢಿಯಾದ ಎಡಗೆನ್ನೆಗೆ ಗುಳಿಗೆಯೂ ಹೋಯಿತು.

ರಾಜೇಶ್ವರಿ ಅವನ ಕೇಸ್ ಹಾಳೆಯ ಚೌಕದಲ್ಲಿ ಗುರುತು ಹಾಕಿ ಗುಳಿಗೆ ಕೊಟ್ಟ ಹೊತ್ತು ಬರೆದಳು, 10.10. ಈಸಿಜಿಯ ಚಿತ್ರ ಬೆಳಗಾವಿಯ ಹೃದಯತಜ್ಞರ ಮೊಬೈಲಿಗೆ ಹೋಯಿತು. ಹೃದಯಾಘಾತವೇ, ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಿ ಎಂದು ಉತ್ತರ ಬಂತು. ಡಾಕ್ಟರ್ ಮನೀಷಾ ಅದನ್ನು ಕೊಡುವ ಮುಂಚೆ ಕೇಳಬೇಕಾದ ಪ್ರಶ್ನೆಗಳನ್ನು ಒಂದೊಂದಾಗಿ ಕೇಳತೊಡಗಿದರು. ತಲೆಗೆ ಪೆಟ್ಟು? ಲಕ್ವಾ? ಆಪರೇಶನ್? ಭರಮು ಎಲ್ಲಕ್ಕೂ ಇಲ್ಲವೆಂದು ತಲೆಯಾಡಿಸಿದ.

ಅವನ ಹೆಂಡತಿ ತಾರವ್ವ ಮೆಲ್ಲಗೆ ನರ್ಸ್ ಹತ್ತಿರ ಬಂದಳು.

"ಸಿಟ್ಟಾಗಬ್ಯಾಡ್ರಿ ಅಕ್ಕಾರ. ಕಿಡಕ್ಯಾಗಿಂದ ಉಗುಳ್ಯಾರ. ಗ್ವಾಡಿಗಿ ತಾಗಿಲ್ಲ, ನೋಡೇನಿ."

"ಏನ್ ಉಗುಳ್ಯಾರ?"

"ನೀವ ಕೊಟ್ಟದ್ದು. ಅಗದ್ರು, ರಸಾ ಬಿಡ್ತು, ಉಗುಳಿದ್ರು."

ರಾಜೇಶ್ವರಿ ಓಡಿಬಂದು ಭರಮುವಿನ ಬಾಯಿ ತೆಗೆಸಿದಳು. ನಾಲಿಗೆಯ ಮೇಲೆ ಒಂದಿಷ್ಟು ಬಿಳಿ ಪುಡಿ, ಅಷ್ಟೆ. ಗಡಿಯಾರ ನೋಡಿ, ಇನ್ನೊಂದು ಗುಳಿಗೆ ಕೊಟ್ಟು ಎದುರಿಗೇ ನಿಂತಳು.

"ಅಗದು ನುಂಗ್ರಿ."

"ರಸಾ ನುಂಗಿದ್ರ ತಲಿ ತಿರಗತೈತಲಾ."

"ತಂಬಾಕಲ್ಲೋ ಮಾರಾಯಾ! ನುಂಗ!" ತಾರವ್ವನ ದನಿ ಹೊರಗಿನ ಬೆಂಚಿನ ತನಕ ಕೇಳಿಸಿತು. ಭರಮು ನುಂಗಿದ. ಬಾಯಿ ತೆರೆದು ತೋರಿಸಿದ.

ಇಂಜೆಕ್ಷನ್ ಹೋಯಿತು. ಮುಕ್ಕಾಲು ಗಂಟೆಯೊಳಗೆ ನೋವು ಇಳಿದು, ಈಸಿಜಿಯ ಎದ್ದ ಗೆರೆ ತಗ್ಗಿತು. "ಕುರಿ ಯಾರ ಕಬ್ಬಿಗೆ ಬಿದ್ದಾವೋ ಏನೋ," ಎಂದು ಭರಮು ಗೊಣಗಿದಾಗ ತಾರವ್ವ ಮೊದಲ ಸಲ ಕೂತಳು.

ಭರಮುವಿನ ಜೊತೆ ಬೆಳಗಾವಿಯ ಆಸ್ಪತ್ರೆಗೆ ಕಳಿಸುವ ಆ ಹಾಳೆಯಲ್ಲಿ ರಾಜೇಶ್ವರಿ 10.10 ಹೊಡೆದುಹಾಕಿ 10.22 ಎಂದು ಬರೆದಳು.

"ಹನ್ನೆರಡ ನಿಮಿಷ, ಯಾರ್ ಕೇಳ್ತಾರ್ರಿ?" ಎಂದರು ಮನೀಷಾ.

"ಯಾರೂ ಕೇಳೂದಿಲ್ರಿ," ಎಂದು ಅವಳು ಕೆಳಗೆ ಸಹಿ ಹಾಕಿದಳು.

ಆಂಬುಲೆನ್ಸಿನವನು ಆ ಹಾಳೆ ಹಿಡಿದು ಮಂಚದ ಬಳಿ ಬಂದ. ಅವನು ಹೆಸರು ಕೇಳುವ ಮೊದಲೇ ಭರಮು ಬಾಯಿ ಅಗಲಿಸಿ ತೋರಿಸಿದ.