ಆರನೇ ಗುಂಡಿ

ನಮ್ಮ ಸ್ಟೀರಿಯೋದಲ್ಲಿ ಮನೆಯ ಪ್ರತಿಯೊಬ್ಬರ ಎದೆಬಡಿತಕ್ಕೂ ಒಂದೊಂದು ಗುಂಡಿ ಇದೆ. ಒತ್ತಿದರೆ ಬಡಿತ ಕೇಳುತ್ತದೆ, ಪರದೆಯಲ್ಲಿ ಹೆಸರು ಮೂಡುತ್ತದೆ. ಆರನೆಯದೊಂದೇ ಖಾಲಿ. ನನ್ನ ಹೊಟ್ಟೆಯಲ್ಲಿರುವ ಮಗುವಿನ ಪ್ರಸಾರ ಐದನೇ ತಿಂಗಳಿಗೆ ಶುರುವಾಗಬೇಕು. ಹೋದ ಸಲ ಬಸಿರಾಗಿದ್ದಾಗ ಶುರುವಾಗಿರಲೇ ಇಲ್ಲ.

ಇವತ್ತು ಅತ್ತೆ ದೇವರಿಗೆ ದೀಪ ಹಚ್ಚಿದ ಮೇಲೆಯೇ ನಾನು ಸ್ಟೀರಿಯೋದಿಂದ ಸ್ಟೇಷನ್ ಹುಡುಕಿಸಿದೆ. ಅಂಕಿಗಳು ಓಡಿ, ನನ್ನ ಸ್ಟೇಷನ್ನಿನ ಪಕ್ಕದಲ್ಲೇ ನಿಂತವು. ಪುಟ್ಟ, ಅವಸರದ ಬಡಿತ! ಪರದೆಯಲ್ಲಿ ‘ಇನ್ನೂ ಹೆಸರಿಟ್ಟಿಲ್ಲ’ ಎಂದು ಬಂತು.

“ಬೇಗ ಸೇವ್ ಮಾಡೇ, ಸುಮ್ನೆ ಅಳ್ತಾ ಕೂತಿದೀಯಲ್ಲ!” ಎಂದರು ಅತ್ತೆ.

ಮಾಡಿದೆ. ನಂಬಿಕೆ ಬಾರದೆ ಮತ್ತೆ ಹುಡುಕಿಸಿದೆ. ಅಂಕಿಗಳು ಒಂಚೂರು ಮುಂದೆ ಹೋಗಿ ಮತ್ತೆ ನಿಂತವು. ಇನ್ನೊಂದು ಬಡಿತ, ಇನ್ನೊಂದು ‘ಇನ್ನೂ ಹೆಸರಿಟ್ಟಿಲ್ಲ’.

“ಅತ್ತೆ, ಅವಳಿ! ಆದ್ರೆ ಗುಂಡಿನೇ ಉಳಿದಿಲ್ವಲ್ಲ!”

“ನನ್ನದನ್ನ ಅಳಿಸಿಬಿಡು. ನಾನು ಬದುಕಿದೀನಿ ಅಂತ ತಿಳ್ಕೊಳ್ಳೋಕೆ ನಿಮಗೆ ರೇಡಿಯೋ ಬೇಕಾ?”