ಮೂವತ್ತೊಂದನೆಯವನು

"ಮೂವತ್ತೊಂದರ ಮುಖ ನೋಡಿದ್ರೆ ಕರುಳು ಕಿತ್ತು ಬರುತ್ತೆ ಕಣೇ," ಎಂದು ಹೆಂಡತಿ ಫೋನಿನಲ್ಲಿ ಗೆಳತಿಗೆ ಪಿಸುಗುಟ್ಟುತ್ತಿದ್ದಳು. ಬಾಗಿಲಲ್ಲಿ ನಿಂತ ಗಂಡನನ್ನು ಕಂಡವಳೇ ಫೋನ್ ಇಟ್ಟಳು.

ಅವಳು ಕ್ಯಾನ್ಸರ್ ಪ್ರಯೋಗಾಲಯದಲ್ಲಿ ಟೆಕ್ನಿಷಿಯನ್. ರೋಗಿಗಳ ಕರುಳಿನ ತುಣುಕಿಗೆ ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿ ಅಂಕ ಕೊಡುವುದು ಕೆಲಸ. ಸ್ಲೈಡಿನ ಮೇಲೆ ಹೆಸರಿರುವುದಿಲ್ಲ, ಸಂಖ್ಯೆ ಮಾತ್ರ. ಗುರುತು ಸಿಕ್ಕರೆ ಅಂಕ ಕೊಡುವ ಕೈ ವಾಲೀತೆಂದು ಹೆಸರಿನ ಪಟ್ಟಿಯನ್ನು ಮುಖ್ಯಸ್ಥರು ಬೀರುವಿನಲ್ಲಿ ಬೀಗ ಹಾಕಿಡುತ್ತಾರೆ. ಹಾಗಿದ್ದೂ ಇವಳಿಗೆ ಒಬ್ಬನ ಮುಖವೇ ಗೊತ್ತು!

ಹೊಲಿಗೆ ಬಿಚ್ಚಿ ಇನ್ನೂ ತಿಂಗಳಾಗದ ಗಂಡನ ಹೊಟ್ಟೆ ಧಗಧಗ ಉರಿಯಿತು. ಏನೋ ಸಣ್ಣ ಗಂಟಂತೆ, ತೆಗೆದಾಯಿತಂತೆ. ಡಾಕ್ಟರ ಹತ್ತಿರ ಮಾತಾಡಿದ್ದೆಲ್ಲ ಅವಳೇ. ಗಂಡ ಹಾಸಿಗೆ ಹಿಡಿದದ್ದೇ ತಡ, ಇವಳು ಇನ್ನೊಬ್ಬನನ್ನು ಹಿಡಿದಳೇ? ಈಚೆಗೆ ಅವಳ ಉಪಚಾರವೂ ಅತಿಯಾಗಿತ್ತು. ತಪ್ಪು ಮಾಡಿದವರ ಪ್ರೀತಿ ಅವನಿಗೆ ಗೊತ್ತಾಗದೇ?

ಊಟಕ್ಕೆ ಕೂತಾಗ ಕೆಣಕಿದ. "ನಿನ್ನ ಮೂವತ್ತೊಂದು ಹೇಗಿದ್ದಾನೆ?"

ಬಡಿಸುತ್ತಿದ್ದ ಕೈ ನಿಂತಿತು. "ಸಂಖ್ಯೆ ಹೇಗಿರುತ್ತೆ ರೀ?"

"ಅಂಕ ಎಷ್ಟು?"

"ಮೂರು." ಅದಕ್ಕಿಂತ ಮೇಲಿನ ಅಂಕವಿಲ್ಲ. ಸಕ್ಕರೆಯನ್ನು ಒಳಗೆಳೆದುಕೊಳ್ಳುವ ಪ್ರೋಟೀನು ಗಂಟಿನ ತುಂಬ ಇದೆ, ಕ್ಯಾನ್ಸರ್ ಸಕ್ಕರೆ ಮುಕ್ಕಿ ಬೆಳೆಯುತ್ತಿದೆ ಎಂದರ್ಥ. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಅವನೂ ಅಷ್ಟು ಕಲಿತಿದ್ದ.

"ಮೂರು ಬಂದವರು ಉಳಿಯೋದು ಕಷ್ಟ ಅಂತ ನೀನೇ ಹೇಳ್ತಿದ್ದೆ."

"ಇವನು ಉಳೀತಾನೆ!" ಅವಳು ಕೂಗಿಯೇಬಿಟ್ಟಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು.

ಅವನಿಗೆ ಬೇಕಾದ ಸಾಕ್ಷಿ ಸಿಕ್ಕಿತ್ತು. ಆದರೆ ಆಶ್ಚರ್ಯ, ಎಷ್ಟೋ ದಿನಗಳ ಮೇಲೆ ಅವತ್ತು ಊಟ ರುಚಿಸಿತು. ಜಗಳ ಯಾಕೆ, ರಂಪ ಯಾಕೆ? ಪೀಡೆ ತಾನಾಗಿಯೇ ತೊಲಗಲಿದೆ. ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿಕೊಂಡು ಚಪ್ಪರಿಸಿ ಕುಡಿದ.

ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ಬ್ಯಾಗು ತಡಕಿದ. ಸಾಯುವವನ ಹೆಸರಾದರೂ ತಿಳಿಯಬೇಡವೇ? ಟಿಪ್ಪಣಿ ಪುಸ್ತಕದ ನಡುವೆ ನಾಲ್ಕಾಗಿ ಮಡಿಸಿದ ಜೆರಾಕ್ಸ್ ಸಿಕ್ಕಿತು. ಬೀರುವಿನ ಪಟ್ಟಿ! ಕೆಲಸ ಹೋದರೂ ಸರಿಯೆಂದು ಕದ್ದು ತಂದಿದ್ದಾಳೆ, ಅಷ್ಟು ಮೋಹ. ಹಲ್ಲು ಕಚ್ಚಿ ಬೆರಳನ್ನು ಕೆಳಗಿಳಿಸಿದ. ಇಪ್ಪತ್ತೊಂಬತ್ತು, ಮೂವತ್ತು.

ಮೂವತ್ತೊಂದರ ಎದುರು ಅವನದೇ ಹೆಸರಿತ್ತು.