ಪೂಜೆಯಾದ ಚಕ್ರ

ಮಾದೇಶ್ ಪಾನಾ ಹಿಡಿದು ಕಾರಿನ ಹಿಂದಿನ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತನೋ ಇಲ್ಲವೋ, ಕಾರಿನೊಳಗಿಂದ ಪುಟ್ಟಬಸಮ್ಮ ಕೂಗಿಕೊಂಡರು.

“ಏಯ್ ಏಯ್, ಮುಟ್ಬ್ಯಾಡ ಕಣಪ್ಪಾ! ಪೂಜೆ ಆಗ್ಯದೆ!”

ಮಾದೇಶ್ ಕೈ ಹಿಂದಕ್ಕೆಳೆದುಕೊಂಡ. ಕಾರು ಪುಟ್ಟಬಸಮ್ಮನವರ ಮಗ ಗಂಗಾಧರಸ್ವಾಮಿಯದು. ಅದು ಕಾಲಗಲಿಸಿ ನಿಂತ ಗೂಳಿಯ ಹಾಗೆ ಕಾಣಬೇಕೆಂಬುದು ಅವನ ಆರು ತಿಂಗಳ ಆಸೆ. ನಿನ್ನೆ ತಿ. ನರಸೀಪುರದ ಈ ಗ್ಯಾರೇಜಿನಲ್ಲಿ ಅದು ನೆರವೇರಿತ್ತು. ಮಾದೇಶ್ ನಾಲ್ಕೂ ಚಕ್ರ ಬಿಚ್ಚಿ, ಚಕ್ರ ಹಿಡಿಯುವ ಬೋಲ್ಟುಗಳಾದ ಗಿಡ್ಡ ಸ್ಟಡ್ ಕಿತ್ತು ಉದ್ದನೆಯವನ್ನು ಕೂರಿಸಿ, ನಡುವೆ ಎರಡು ಬೆರಳು ದಪ್ಪದ ಸ್ಪೇಸರ್ ಬಿಲ್ಲೆ ಇಟ್ಟು, ಚಕ್ರಗಳನ್ನು ಕಾರಿನ ಮೈಯಿಂದ ಆಚೆಗೆ ತಂದು ನಿಲ್ಲಿಸಿದ್ದ. ಗಾಡಿ ಓಡುತ್ತ ಓಡುತ್ತ ಹೊಸ ಸ್ಟಡ್ ಒಳಕ್ಕೆ ಕೂರುತ್ತದೆ, ನಟ್ಟು ಸಡಿಲವಾಗುತ್ತದೆ. ಐವತ್ತು ಕಿಲೋಮೀಟರ್ ಓಡಿಸಿ ಬಂದು ಮತ್ತೆ ಬಿಗಿ ಮಾಡಿಸಲೇಬೇಕೆಂದು ಮೂರು ಸಲ ಹೇಳಿಯೂ ಇದ್ದ. ಗಂಗಾಧರಸ್ವಾಮಿ ಹೇಳಿದಂತೆಯೇ ಓಡಿಸಿ ಬಂದಿದ್ದ, ಆದರೆ ನಂಜನಗೂಡಿನ ದೇವಸ್ಥಾನಕ್ಕೆ. ಈಗ ಒಂದೊಂದು ಚಕ್ರದ ಮೇಲೂ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ, ಮೇಲೊಂದು ಚೆಂಡುಹೂವು.

“ಅಮ್ಮೋರೇ, ನೆನ್ನೆ ಈ ಚಕ್ರ ಆಕ್ದೋನೇ ನಾನಲ್ವ್ರಾ?”

“ನೆನ್ನೆ ಅದು ಗಾಡಿ ಕಣಪ್ಪ. ಇವತ್ತು ದೇವ್ರು.”

ಮಾದೇಶ್ ಯಾವ ಕೇರಿಯವನೆಂದು ಅವರಿಗೂ ಗೊತ್ತು, ತಾನು ಯಾವ ಕೇರಿಯವನೆಂದು ಅವನಿಗೂ ಗೊತ್ತು. ಗೊತ್ತಿರುವ ಸಂಗತಿಯನ್ನು ಬಾಯಿಬಿಟ್ಟು ಆಡುವ ಅನಾಗರಿಕರು ಅಲ್ಲಿ ಯಾರೂ ಇರಲಿಲ್ಲ. ಗಂಗಾಧರಸ್ವಾಮಿ ಇಳಿದು ಬಂದು ದನಿ ತಗ್ಗಿಸಿದ. “ತಪ್ಪು ತಿಳ್ಕೋಬ್ಯಾಡ ಕಣ್ಲಾ. ನಂಗೇನೂ ಇಲ್ಲ. ನಾವು ನೀವು ಒಂದೇ ಓಟ್ಲಲ್ಲಿ ಟೀ ಕುಡಿಯೋರು. ಅವ್ವ ಅಳೇ ಕಾಲದೋಳು ನೋಡು.”

“ಅದಿರ್ಲಿ ಸಾ, ಈ ನಟ್ಟು ನೋಡಿ. ಬುಡದಲ್ಲಿ ಉಗುರು ತೂರೋ ಅಷ್ಟು ಸಂದು ಬಂದದೆ. ನಾನು ಮುಟ್ಟಲ್ಲ ಬುಡಿ. ತಕ್ಕಳಿ ಪಾನಾ, ನೀವೇ ತಿರುಗ್ಸಿ. ದೂರ ನಿಂತ್ಕೊಂಡು ಯೋಳ್ಕೊಡ್ತೀನಿ.”

ಗಂಗಾಧರಸ್ವಾಮಿ ಪಾನಾ ನೋಡಿದ, ತನ್ನ ಇಸ್ತ್ರಿಯ ಬಿಳಿ ಪಂಚೆ ನೋಡಿಕೊಂಡ, ಎದುರಿನ ಟೀ ಅಂಗಡಿಯಲ್ಲಿ ಕೂತಿದ್ದವರನ್ನೂ ನೋಡಿದ.

“ಮಾಜಿ ಪಂಚಾಯ್ತಿ ಮೆಂಬರು ಕಣ್ಲಾ ನಾನು. ಬೀದೀಲಿ ಕೂತು ನಟ್ಟು ತಿರುಗ್ಸಿದ್ರೆ ನೋಡ್ದೋರು ಏನಂದಾರು? ನಾಳೆ ಬತ್ತೀನಿ ಬುಡು.”

ಒಬ್ಬ ಮುಟ್ಟಿದರೆ ಚಕ್ರದ ಮರ್ಯಾದೆ ಹೋಗುತ್ತದೆ, ಇನ್ನೊಬ್ಬ ಮುಟ್ಟಿದರೆ ಮುಟ್ಟಿದವನದೇ ಹೋಗುತ್ತದೆ. ಇಬ್ಬರ ನಡುವೆ ನಟ್ಟು ಮಾತ್ರ ಸಡಿಲವಾಗಿಯೇ ಉಳಿಯಿತು. ಕಾರು ತಲಕಾಡಿನ ದಾರಿ ಹಿಡಿಯಿತು.

‘ಹಾಳಾಗಿ ಹೋಗಲಿ’ ಎಂದು ಮಾದೇಶ್ ಬಯ್ದುಕೊಂಡ. ಬಯ್ದ ಮೇಲೂ ಕಣ್ಣು ಕಾರು ಹೋದ ದಾರಿಯಲ್ಲೇ ಇತ್ತು. ಏನಾದರೂ ಆದರೆ ಕೆಟ್ಟ ಹೆಸರು ಬರುವುದು ತನಗೆ, ಅದು ಬೇರೆ ಮಾತು. ಕಾರಿನಲ್ಲಿ ಎಪ್ಪತ್ತು ದಾಟಿದ ಮುದುಕಿ ಇದ್ದರಲ್ಲ! ಪಾನಾವನ್ನು ಚೀಲಕ್ಕೆ ಹಾಕಿಕೊಂಡು ಬೈಕು ಏರಿ ಹಿಂದೆಯೇ ಹೊರಟ.

ಅವನು ಕಾರನ್ನು ಕಂಡದ್ದೂ, ಹಾರ್ನ್ ಒತ್ತಿದ್ದೂ, ಎಡಗಡೆಯ ಹಿಂಚಕ್ರ ಕಳಚಿದ್ದೂ ಒಟ್ಟಿಗೇ ಆಯಿತು. ಚಕ್ರ ಕಾರನ್ನು ಹಿಂದಿಕ್ಕಿ ಓಡಿ ಗದ್ದೆಗೆ ಹಾರಿತು. ಕಾರು ಡಾಂಬರನ್ನು ಕೆರೆದುಕೊಂಡು ಹೋಗಿ ರಸ್ತೆ ಬದಿಯ ಮಣ್ಣುಗುಡ್ಡೆಗೆ ಒರಗಿ ನಿಂತಿತು. ಮಾದೇಶ್ ಬೈಕನ್ನು ಅಲ್ಲೇ ಬಿಟ್ಟ. ಓಡಿಹೋಗಿ ಬಾಗಿಲು ಎಳೆದ. ಪುಟ್ಟಬಸಮ್ಮ ಅವನ ಹೆಗಲನ್ನೇ ಗಟ್ಟಿಯಾಗಿ ಹಿಡಿದು ಇಳಿದರು. ಯಾರಿಗೂ ಒಂದು ಗೀರು ಗಾಯವೂ ಆಗಿರಲಿಲ್ಲ. ಆ ಗಳಿಗೆಯಲ್ಲಿ ಯಾರಿಗೂ ಕೇರಿಯ ನೆನಪೂ ಆಗಲಿಲ್ಲ.

ಉಸಿರು ತಿರುಗಿದ ಮೇಲೆ ಪುಟ್ಟಬಸಮ್ಮ ಎರಡೂ ಕೈ ಜೋಡಿಸಿದರು. “ನೋಡ್ದಾ ಮಗ, ಪೂಜೆ ಮಾಡ್ಸಿದ್ಕೆ ಜೀವ ಉಳೀತು.”

“ಊಂ ಕಣವ್ವ” ಎಂದ ಗಂಗಾಧರಸ್ವಾಮಿ, ಪಂಚೆ ಕೊಡವಿಕೊಂಡು ಗದ್ದೆಯ ಕಡೆ ಕೈ ತೋರಿಸಿದ. “ಲೋ ಮಾದೇಶ, ಆ ಚಕ್ರ ಎತ್ಕೊಂಡ್ ಬಾರ್ಲಾ.”

ಮಾದೇಶ್ ಬದುವಿನ ಮೇಲೆ ನಿಂತ. ಚಕ್ರ ಅರ್ಧ ಕೆಸರಿನಲ್ಲಿ ಹೂತಿತ್ತು. ಮೇಲಿನ ಅರ್ಧದಲ್ಲಿ ವಿಭೂತಿ ಇನ್ನೂ ಬೆಳ್ಳಗಿತ್ತು. ಅವನು ತಿರುಗಿ ಕೇಳಿದ.

“ಮುಟ್ಬೋದಾ ಅಮ್ಮೋರೇ?”

ಪುಟ್ಟಬಸಮ್ಮ ಕಣ್ಣು ಕಿರಿದು ಮಾಡಿ ಚಕ್ರವನ್ನು ನೋಡಿದರು.

“ಕೆಸರಿಗೆ ಬಿತ್ತಲ್ಲಪ್ಪ, ಮೈಲ್ಗೆ ಆಗೋಯ್ತು. ಇನ್ನು ನೀನು ಮುಟ್ಬೋದು.”